ಇ-ಮೇಲ್ ರವಾನೆಯೂ ಬ್ರಾಡ್‌ಬ್ಯಾಂಡ್ ಸಂಸ್ಥೆಗಳ ಕರ್ತವ್ಯವೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಮೊದಲಾದ ನಮ್ಮ ಜಿಲ್ಲೆಯ ಪಟ್ಟಣಗಳಲ್ಲಿ ಬ್ರಾಡ್‌ಬ್ಯಾಂಡ್ ತಂತಿಯು ಈಗ ಬೀದಿಬೀದಿಗೂ ಬಂದಿರುವುದು ಸಂತೋಷಕರವಾದ ಸಂಗತಿ. ವಕೀಲರು, ಲೆಕ್ಕಪರಿಶೋಧಕರು, ತೆರಿಗೆ ಸಲಹೆಗಾರರು, ಅಡಕೆ ವರ್ತಕರು, ಮುದ್ರಣಾಲಯದವರು, ಸಹಕಾರ ಸಂಘಗಳ ಕಾರ್ಯದರ್ಶಿಗಳು, ಇವರಲ್ಲಿ ಅನೇಕರು ಮನೆಯ ಮುಂದಿನ ಕೊಠಡಿಯನ್ನೇ ಕಚೇರಿ ಮಾಡಿಕೊಂಡು ಬೆಂಗಳೂರಿನವರಿಗೆ ಸರಿಸಮಾನರಾಗಿ ವ್ಯವಹಾರ ನಡೆಸುತ್ತಿದ್ದಾರೆ. ಆದರೆ ಇಂಥವರ ಬಾಯಿಂದ ಒಂದೇ ಬಗೆಯ ದೂರು ನಮ್ಮ ಕಿವಿಗೆ ಪದೇ ಪದೇ ಬೀಳುತ್ತಿದೆ. ಬರುವ ಇ-ಮೇಲ್ ಬರುತ್ತದೆ; ಹೋಗಬೇಕಾದ ಇ-ಮೇಲ್ ಹೋಗುವುದಿಲ್ಲ ಎಂಬುದೇ ಆ ದೂರು. ಇದು ಯಂತ್ರಜ್ಞರು ನೋಡಿಕೊಳ್ಳತಕ್ಕ ಚಿಲ್ಲರೆ ವಿಷಯವೆಂದು ತಳ್ಳಿಹಾಕುವವರುಂಟು. ನಮ್ಮ ಅಭಿಪ್ರಾಯ ಹಾಗಿಲ್ಲ. ಪ್ರಜೆಯು ತಾನು ಬರೆದ ಪತ್ರವನ್ನು ತಾನು ಆರಿಸಿಕೊಂಡ ಅಂಚೆಯ ಮೂಲಕ ಕಳುಹಿಸಬಲ್ಲನೋ ಇಲ್ಲವೋ ಎಂಬ ಪ್ರಶ್ನೆ ಸಾರ್ವಜನಿಕವಾದುದು.

ದೂರಿನ ಸ್ವರೂಪ ಇಂತಿದೆ. ಗೃಹಸ್ಥನೊಬ್ಬನು ತನ್ನ ವೃತ್ತಿಯ ಹೆಸರಿನಲ್ಲಿ ಒಂದು ಡೊಮೇನ್ ಕೊಂಡು, ವರ್ಷಕ್ಕಿಷ್ಟೆಂದು ಹಣ ತೆತ್ತು, ಬೇರೊಂದು ಸಂಸ್ಥೆಯ ಮೇಲ್ ಸರ್ವರಿನಲ್ಲಿ ತನ್ನ ವಿಳಾಸವನ್ನು ಇರಿಸಿಕೊಂಡಿರುತ್ತಾನೆ. ತಂತಿ ಒಬ್ಬರದು, ಅಂಚೆ ಇನ್ನೊಬ್ಬರದು. ಒಂದು ದಿನ ಅವನು ತಂತಿಯ ಸಂಸ್ಥೆಯನ್ನು ಬದಲಾಯಿಸುತ್ತಾನೆ. ಇಲ್ಲವೆ ಆ ಸಂಸ್ಥೆಯೇ ತನ್ನೊಳಗೆ ಏನೋ ಮಾರ್ಪಾಡು ಮಾಡಿಕೊಳ್ಳುತ್ತದೆ. ಅಂದಿನಿಂದ ಅವನು ಬರೆದ ಪತ್ರವೆಲ್ಲ ಔಟ್‌ಬಾಕ್ಸಿನಲ್ಲಿಯೇ ಕುಳಿತಿರುತ್ತದೆ. ತಂತಿಯವರನ್ನು ಕೇಳಿದರೆ "ನಮ್ಮ ಇಂಟರ್ನೆಟ್ ಸರಿಯಾಗಿದೆ, ಮೇಲ್ ಕಂಪೆನಿಯವರನ್ನು ಕೇಳಿ" ಎನ್ನುತ್ತಾರೆ. ಮೇಲ್ ಕಂಪೆನಿಯವರು "ನಮ್ಮ ಸರ್ವರ್ ಸರಿಯಾಗಿದೆ, ಬ್ರಾಡ್‌ಬ್ಯಾಂಡಿನವರನ್ನು ಕೇಳಿ" ಎನ್ನುತ್ತಾರೆ. ಅತ್ತ ದರಿ, ಇತ್ತ ಪುಲಿ.

ಇದರಿಂದಾಗುವ ಹಾನಿಯನ್ನು ಅಧಿಕಾರಿಗಳೂ ವಕೀಲರೂ ಚೆನ್ನಾಗಿ ಬಲ್ಲರು. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೧೩ನೆಯ ಪ್ರಕರಣದ ಮೇರೆಗೆ, ಉಭಯ ಕಕ್ಷಿಗಳು ಬೇರೆ ರೀತಿ ಒಪ್ಪಿಕೊಂಡಿರದ ಪಕ್ಷದಲ್ಲಿ, ವಿದ್ಯುನ್ಮಾನ ದಾಖಲೆಯು ಕಳುಹಿಸುವವನ ಅಧೀನದಲ್ಲಿಲ್ಲದ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಪ್ರವೇಶಿಸಿದಾಗಲೇ ಅದು ರವಾನೆಯಾಯಿತೆಂದು ಎಣಿಕೆ. ಔಟ್‌ಬಾಕ್ಸಿನಲ್ಲಿ ಕುಳಿತಿರುವ ಪತ್ರವು ಹಾಗೆ ಪ್ರವೇಶಿಸಿರುವುದಿಲ್ಲ. ಆದ್ದರಿಂದ ಕೊನೆಯ ದಿನ ಸಾಯಂಕಾಲ ಕಳುಹಿಸಿದೆನೆಂದು ನಂಬಿ ಮಲಗಿದವನ ಉತ್ತರವು ಕಾನೂನಿನ ಕಣ್ಣಿಗೆ ಮೇಜಿನ ಮೇಲೆಯೇ ಉಳಿದ ಕಾಗದ. ಕೇಂದ್ರ ಸರ್ಕಾರದ ಅಂಚೆ ಇಲಾಖೆಯವರು ೨೦೨೫ರಲ್ಲಿ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನಗೊಳಿಸಿರುವುದು ವಾಚಕರಿಗೆ ವಿದಿತವಾಗಿದೆ. ಕಾಗದದ ಅಂಚೆಯ ಹಳೆಯ ಏರ್ಪಾಡುಗಳು ಒಂದೊಂದಾಗಿ ಬದಲಾಗುತ್ತಿರುವಾಗ ಇ-ಮೇಲಿನ ಮೇಲೆ ಬೀಳುವ ಭಾರವು ದಿನೇ ದಿನೇ ಹೆಚ್ಚುವುದು ಸಹಜ. ಭಾರ ಹೊರುವ ದಾರಿ ಭದ್ರವಾಗಿದೆಯೇ ಎಂದು ನೋಡಬೇಡವೆ?

ಈ ತೊಡಕಿನ ಮೂಲವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೇಲೆ ಪತ್ರ ಹೋದುದು ೧೯೭೧ರಲ್ಲಿ, ಅಮೆರಿಕದ ರೇ ಟಾಮ್ಲಿನ್‌ಸನ್ನರ ಪ್ರಯೋಗದಿಂದ. ಪತ್ರ ಸಾಗಿಸುವ ನಿಯಮಾವಳಿಯಾದ ಎಸ್.ಎಂ.ಟಿ.ಪಿ.ಯನ್ನು ಜೊನಾಥನ್ ಪೋಸ್ಟೆಲರು ಪ್ರಕಟಿಸಿದ್ದು ೧೯೮೨ರಲ್ಲಿ. ನಮ್ಮ ದೇಶದಲ್ಲಿ ೧೯೮೬ರಲ್ಲಿ ಆರಂಭವಾದ ಎರ್‌ನೆಟ್ ಯೋಜನೆಯ ಮೊದಲ ಎಂಟು ಸಂಸ್ಥೆಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಒಂದು. ಆ ಸಂಸ್ಥೆಯ ಎರಡನೆಯ ಆವರಣವು ಇಂದು ನಮ್ಮ ಜಿಲ್ಲೆಯದೇ ಚಳ್ಳಕೆರೆ ತಾಲ್ಲೂಕಿನ ಖುದಾಪುರದಲ್ಲಿದೆ. ಆ ಕಾಲದಲ್ಲಿ ಜಾಲದ ಮೇಲಿದ್ದವರು ವಿದ್ವಾಂಸರು, ಪರಸ್ಪರ ಪರಿಚಿತರು. ಕಳುಹಿಸುವವನು ಯಾರೆಂದು ಕೇಳುವ ಅಗತ್ಯವಿರಲಿಲ್ಲ. ಪತ್ರಗಳೆಲ್ಲ ಪೋರ್ಟ್ ೨೫ ಎಂಬ ಒಂದೇ ಬಾಗಿಲಿನಿಂದ ಓಡಾಡುತ್ತಿದ್ದುವು. ೧೯೯೫ರ ಆಗಸ್ಟ್ ೧೫ರಂದು ವಿ.ಎಸ್.ಎನ್.ಎಲ್. ಸಂಸ್ಥೆಯವರು ಜನಸಾಮಾನ್ಯರಿಗೆ ಇಂಟರ್ನೆಟ್ ತೆರೆದಾಗಲೂ ತಂತಿಯ ಸಂಪರ್ಕ ಕೊಟ್ಟವರೇ ಅಂಚೆಯ ವಿಳಾಸವನ್ನೂ ಕೊಡುತ್ತಿದ್ದರು. ಮೂರನೆಯವನ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆಮೇಲೆ ಜಾಲಕ್ಕೆ ವರ್ತಕರು ಬಂದರು, ವರ್ತಕರ ಹಿಂದೆ ವಂಚಕರೂ ಬಂದರು. ಕೇಳದೆ ಕಳುಹಿಸುವ ಸ್ಪ್ಯಾಮ್ ಪತ್ರಗಳ ಪ್ರವಾಹ ಮೊದಲಾಯಿತು. ೧೯೯೮ರಲ್ಲಿ ತಜ್ಞರು ಬಾಗಿಲನ್ನು ಎರಡಾಗಿ ವಿಂಗಡಿಸಿದರು. ಒಂದು ಅಂಚೆಕಚೇರಿಯಿಂದ ಇನ್ನೊಂದಕ್ಕೆ ಚೀಲ ಸಾಗಿಸಲು ಪೋರ್ಟ್ ೨೫ ಎಂದಿನಂತೆ ಇರಲಿ. ಗಿರಾಕಿಯು ಕಾಗದ ತಂದುಕೊಡಲು ಪೋರ್ಟ್ ೫೮೭ ಎಂಬ ಬೇರೆ ಕಿಟಕಿ ಇರಲಿ. ಆ ಕಿಟಕಿಯಲ್ಲಿ ಹೆಸರನ್ನೂ ಗುಪ್ತಪದವನ್ನೂ ಒಪ್ಪಿಸಿದವನ ಕಾಗದವನ್ನು ತೆಗೆದುಕೊಳ್ಳಲಿ ಎಂಬುದು ಅದರ ತಾತ್ಪರ್ಯ. ೨೦೧೮ರಲ್ಲಿ, ಮೊದಲಿನಿಂದಲೇ ಗೂಢಲಿಪಿಯಲ್ಲಿ ಮಾತನಾಡುವ ಪೋರ್ಟ್ ೪೬೫ ಮೇಲೆಂದು ತಜ್ಞರು ಸಲಹೆ ಕೊಟ್ಟರು.

ದುರ್ಗದವರಿಗೆ ಬಾಗಿಲುಗಳ ಮಹತ್ವವನ್ನು ಯಾರೂ ಕಲಿಸಬೇಕಾಗಿಲ್ಲ. ಏಳು ಸುತ್ತಿನ ಕೋಟೆಗೆ ಎಷ್ಟು ಹೆಬ್ಬಾಗಿಲುಗಳಿದ್ದರೇನು, ಹೈದರಾಲಿಯ ಸೈನಿಕರು ನುಸುಳಲು ಹವಣಿಸಿದ್ದು ಒಂದು ಕಿಂಡಿಯಲ್ಲಿ ಎಂಬುದೂ, ಒನಕೆ ಹಿಡಿದ ಓಬವ್ವ ಅಲ್ಲಿ ಕಾವಲು ನಿಂತಳೆಂಬುದೂ ನಮ್ಮ ಮಕ್ಕಳಿಗೂ ಗೊತ್ತು. ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಪೋರ್ಟ್ ೨೫ ಅಂಥದೊಂದು ಕಿಂಡಿಯಾಯಿತು. ರೋಗಾಣುವಿನಂಥ ತಂತ್ರಾಂಶ ಹೊಕ್ಕ ಗೃಹಕೃತ್ಯದ ಕಂಪ್ಯೂಟರುಗಳು, ಒಡೆಯನಿಗೆ ತಿಳಿಯದಂತೆ, ಆ ಕಿಂಡಿಯಿಂದ ಲೋಕಕ್ಕೆಲ್ಲ ಕಸದ ಪತ್ರ ತೂರತೊಡಗಿದುವು. ಆಗ ಬ್ರಾಡ್‌ಬ್ಯಾಂಡ್ ಸಂಸ್ಥೆಗಳು ದೇಶ ದೇಶಗಳಲ್ಲಿ ಕಿಂಡಿಯನ್ನು ಮುಚ್ಚಿದುವು. ೨೦೦೭ರಿಂದ ಸ್ಪ್ಯಾಮ್‌ಹೌಸ್ ಸಂಸ್ಥೆಯವರು ಮನೆಗಳಿಗೆ ಹಂಚಿದ ಐ.ಪಿ. ವಿಳಾಸಗಳ ಪಟ್ಟಿಯನ್ನು ಇಟ್ಟುಕೊಂಡು ಬಂದಿದ್ದಾರೆ. ಆ ವಿಳಾಸಗಳಿಂದ ನೇರವಾಗಿ ಬಂದ ಪತ್ರವನ್ನು ಅನೇಕ ಸರ್ವರುಗಳು ಹೊಸ್ತಿಲಲ್ಲೇ ಹಿಂದಿರುಗಿಸುತ್ತವೆ. ಈ ಕ್ರಮವನ್ನು ನಾವು ಆಕ್ಷೇಪಿಸುವುದಿಲ್ಲ. ಕಿಂಡಿಯನ್ನು ಮುಚ್ಚಿದ್ದು ಸರಿ.

ನಮ್ಮ ಆಕ್ಷೇಪಣೆ ಎರಡು. ಮೊದಲನೆಯದು, ಕಿಂಡಿಯನ್ನು ಮುಚ್ಚುವಾಗ ಊರಿಗೆ ಡಂಗುರ ಹೊಡೆಸದಿರುವುದು. ಎರಡನೆಯದು, ಕೆಲವು ಕಡೆ ಕಿಂಡಿಯ ಜತೆಗೆ ಹೆಬ್ಬಾಗಿಲಿಗೂ ಅಗುಳಿ ಬೀಳುವುದು. ಪೋರ್ಟ್ ೫೮೭, ೪೬೫ ಇವೆರಡೂ ಗುರುತು ಕೇಳಿಯೇ ಒಳಗೆ ಬಿಡುವ ಬಾಗಿಲುಗಳು. ಅಲ್ಲಿ ತಪ್ಪು ನಡೆದರೆ ತಪ್ಪಿತಸ್ಥನು ಯಾರೆಂದು ಸರ್ವರಿನವನಿಗೆ ಗೊತ್ತು. ಅವನ ಖಾತೆಯನ್ನು ಅವನೇ ಮುಚ್ಚಬಲ್ಲನು. ತಂತಿಯವನು ನಡುವೆ ಕೈ ಹಾಕಲು ಕಾರಣವೇ ಇಲ್ಲ.

"ನಮ್ಮದೇ ಸರ್ವರಿನ ಮೂಲಕ ಕಳುಹಿಸಿ" ಎಂದು ತಂತಿಯವರು ಕೊಡುವ ಹಳೆಯ ಸಲಹೆ ಇಂದು ಸಲ್ಲುವುದಿಲ್ಲ. ಒಂದು ಡೊಮೇನಿನ ಹೆಸರಿನಲ್ಲಿ ಯಾವ ಯಾವ ಸರ್ವರುಗಳು ಪತ್ರ ಕಳುಹಿಸಬಹುದೆಂದು ಡೊಮೇನಿನ ಒಡೆಯನು ಜಾಲದಲ್ಲಿ ಪ್ರಕಟಿಸುವ ಪದ್ಧತಿಗೆ ಎಸ್.ಪಿ.ಎಫ್. ಎಂದು ಹೆಸರು, ಪತ್ರಕ್ಕೆ ಡೊಮೇನಿನ ಮುದ್ರೆ ಒತ್ತುವುದಕ್ಕೆ ಡಿ.ಕೆ.ಐ.ಎಂ. ಎಂದು ಹೆಸರು. ೨೦೨೪ರ ಫೆಬ್ರವರಿಯಿಂದ ಗೂಗಲ್, ಯಾಹೂ ಸಂಸ್ಥೆಗಳು ಈ ಪರೀಕ್ಷೆಯನ್ನು ಬಿಗಿಗೊಳಿಸಿವೆ. ದಿನಕ್ಕೆ ೫,೦೦೦ಕ್ಕೆ ಮಿಕ್ಕಿ ಜಿಮೇಲ್ ವಿಳಾಸಗಳಿಗೆ ಬರೆಯುವವರಿಗಂತೂ ಎರಡೂ ಕಡ್ಡಾಯವಾಗಿವೆ. ಹೀಗಿರುವಾಗ ವಕೀಲರ ಡೊಮೇನಿನ ಪತ್ರವು ತಂತಿ ಕಂಪೆನಿಯ ಸರ್ವರಿನಿಂದ ಹೊರಟರೆ ಅದು ಖೋಟಾ ಪತ್ರವೆಂಬ ಸಂಶಯಕ್ಕೆ ಗುರಿಯಾಗಿ ಕಸದ ಬುಟ್ಟಿಯನ್ನು ಸೇರುವ ಸಂಭವವೇ ಹೆಚ್ಚು. ಆದುದರಿಂದ ಮೂರನೆಯ ಸಂಸ್ಥೆಯ ಸರ್ವರನ್ನು ಮುಟ್ಟುವುದು ಗಿರಾಕಿಯ ಶೋಕಿಯಾಗಿರದೆ ವ್ಯವಹಾರದ ಅವಶ್ಯಕತೆಯಾಗಿದೆ.

"ಬ್ರೌಸರಿನಲ್ಲಿ ತೆರೆದು ಬರೆದರಾಗದೆ?" ಎಂದು ಕೆಲವರು ಕೇಳಬಹುದು. ಒಂದೆರಡು ಪತ್ರಗಳಿಗೆ ಆದೀತು. ಆದರೆ ಗಿರಾಕಿಗಳಿಗೆ ಬಿಲ್ಲುಗಳನ್ನು ತಾನೇ ಕಳುಹಿಸುವ ಲೆಕ್ಕದ ತಂತ್ರಾಂಶಕ್ಕೆ, ದಾಖಲೆಯನ್ನು ಸ್ಕ್ಯಾನ್ ಮಾಡಿ ನೇರವಾಗಿ ಮೇಲ್ ಮಾಡುವ ಯಂತ್ರಕ್ಕೆ, ಹತ್ತು ವರ್ಷಗಳ ಪತ್ರವ್ಯವಹಾರವನ್ನು ಸ್ವಂತ ಕಂಪ್ಯೂಟರಿನಲ್ಲಿ ಕಾಪಾಡಿಕೊಂಡಿರುವ ವಕೀಲನಿಗೆ ಆ ಸಲಹೆ ಉಪಯೋಗಕ್ಕೆ ಬಾರದು.

ಈ ವಿಷಯದಲ್ಲಿ ಬ್ರೆಜಿಲ್ ದೇಶದ ಮಾದರಿ ಅನುಕರಣಯೋಗ್ಯವಾದುದು. ೨೦೦೯ರ ಸುಮಾರಿಗೆ ಆ ದೇಶವು ಸ್ಪ್ಯಾಮ್ ಹೊರಡುವ ದೇಶಗಳ ಪಟ್ಟಿಯಲ್ಲಿ ಅಗ್ರಸ್ಥಾನಕ್ಕೆ ಬಂದು ಅಪಕೀರ್ತಿ ಪಡೆದಿತ್ತು. ಅಲ್ಲಿನ ಇಂಟರ್ನೆಟ್ ಸಮಿತಿಯವರು ದೂರಸಂಪರ್ಕ ಕಂಪೆನಿಗಳು, ನಿಯಂತ್ರಣ ಮಂಡಳಿ, ಬಳಕೆದಾರರ ಸಂಘಗಳು ಇವರನ್ನೆಲ್ಲ ಒಂದೆಡೆ ಕೂರಿಸಿ ೨೦೧೧ರಲ್ಲಿ ಒಪ್ಪಂದ ಮಾಡಿಸಿದರು. ಮೊದಲು ಅಂಚೆ ನಡೆಸುವವರು ಗಿರಾಕಿಗಳನ್ನು ಪೋರ್ಟ್ ೫೮೭ಕ್ಕೆ ಸಾಗಿಸಬೇಕು, ಅನಂತರ ತಂತಿಯವರು ಪೋರ್ಟ್ ೨೫ನ್ನು ಮುಚ್ಚಬೇಕು ಎಂಬುದು ಕ್ರಮ. ಕಾರ್ಯ ಮುಗಿದ ಮೇಲೆ ಆ ದೇಶದ ಹೆಸರು ಪಟ್ಟಿಯಲ್ಲಿ ಬಹಳ ಕೆಳಗಿಳಿಯಿತು. ಕೆಲಸ ಅದೇ, ಹೇಳಿ ಮಾಡುವುದಕ್ಕೂ ಹೇಳದೆ ಮಾಡುವುದಕ್ಕೂ ಇರುವ ಅಂತರ ದೊಡ್ಡದು.

ನಮ್ಮ ದೇಶದಲ್ಲಿ ಕಾನೂನಿನ ಸ್ಥಿತಿ ಹೇಗಿದೆ? ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಎ ಪ್ರಕರಣದಲ್ಲಿ ಕಿರುಕುಳದ ಇ-ಮೇಲಿನ ಪ್ರಸ್ತಾಪವಿತ್ತು. ಆ ಪ್ರಕರಣವು ವಾಕ್‌ಸ್ವಾತಂತ್ರ್ಯಕ್ಕೆ ಮೃತ್ಯುಪ್ರಾಯವಾಗಿದ್ದುದರಿಂದ ಸುಪ್ರೀಂ ಕೋರ್ಟು ೨೦೧೫ರ ಮಾರ್ಚ್ ೨೪ರಂದು ಅದನ್ನು ರದ್ದುಪಡಿಸಿದ್ದು ನ್ಯಾಯವೇ ಸರಿ. ೨೦೧೮ರ ಟ್ರಾಯ್ ನಿಬಂಧನೆಗಳು ವ್ಯಾಪಾರಿ ಕರೆಗಳಿಗೂ ಎಸ್.ಎಂ.ಎಸ್.ಗಳಿಗೂ ಅನ್ವಯಿಸತಕ್ಕವು. ಹೀಗಾಗಿ ಇ-ಮೇಲಿನ ಬಾಗಿಲು ಕಾಯುವ ಅಧಿಕಾರವು ವಾಸ್ತವದಲ್ಲಿ ಖಾಸಗಿ ಕಂಪೆನಿಗಳ ಕೈಯಲ್ಲಿ ಉಳಿದಿದೆ. ಅದೇ ೨೦೧೮ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಜಾಲ ಸಮಾನತೆಯ ತತ್ತ್ವವನ್ನು ಅಂಗೀಕರಿಸಿ, ತಂತಿಯ ಸಂಸ್ಥೆಗಳು ಒಂದು ಸೇವೆಗೂ ಇನ್ನೊಂದಕ್ಕೂ ಭೇದ ಮಾಡಿ ತಡೆಯಕೂಡದೆಂದು ಒಪ್ಪಿಕೊಂಡಿತು. ಜಾಲದ ರಕ್ಷಣೆಗೆ ಬೇಕಾದ ಯುಕ್ತವಾದ ಕ್ರಮಗಳಿಗೆ ವಿನಾಯಿತಿ ಇಟ್ಟಿತು. ಪೋರ್ಟ್ ೨೫ರ ತಡೆ ಆ ವಿನಾಯಿತಿಯೊಳಗೆ ಬರುವುದೆಂದು ನಾವು ಒಪ್ಪುತ್ತೇವೆ. ಪೋರ್ಟ್ ೫೮೭, ೪೬೫ರ ತಡೆ ಬಾರದೆಂಬುದು ನಮ್ಮ ಸ್ಪಷ್ಟವಾದ ಮತ.

ಇದರಲ್ಲಿ ಸ್ವಾಭಿಮಾನದ ಪ್ರಶ್ನೆಯೂ ಅಡಗಿದೆ. ಮೈಸೂರು ಸಂಸ್ಥಾನವು ತನ್ನದೇ ಅಂಚೆಯನ್ನು ೧೮೮೯ರವರೆಗೆ ನಡೆಸಿಕೊಂಡು ಬಂದು ಆ ವರ್ಷ ಬ್ರಿಟಿಷ್ ಇಂಡಿಯಾದ ಅಂಚೆಗೆ ಒಪ್ಪಿಸಿತು. ಒಮ್ಮೆ ಒಪ್ಪಿಸಿದ್ದು ಹಿಂದಕ್ಕೆ ಬರಲಿಲ್ಲ. ಇಂದು ಸ್ವಂತ ಡೊಮೇನಿನ ಪತ್ರ ಹೋಗದೆ ಬೇಸತ್ತ ಗೃಹಸ್ಥನು ಮಾಡುವುದೇನು? ಪರದೇಶದ ಕಂಪೆನಿಯೊಂದರ ಉಚಿತ ವಿಳಾಸಕ್ಕೆ ಶರಣಾಗುತ್ತಾನೆ. ಸರ್ಕಾರಿ ಕಚೇರಿಗಳ ಫಲಕಗಳ ಮೇಲೂ ಅಂಥ ವಿಳಾಸಗಳು ಕಾಣುವುದು ಅಪರೂಪವೇನಲ್ಲ. ಕೇಂದ್ರ ಗೃಹ ಸಚಿವರಾದ ಶ್ರೀ ಅಮಿತ್ ಷಾ ಅವರು ೨೦೨೫ರ ಅಕ್ಟೋಬರಿನಲ್ಲಿ ತಮ್ಮ ಇ-ಮೇಲನ್ನು ಚೆನ್ನೈ ಮೂಲದ ಜೋಹೋ ಸಂಸ್ಥೆಗೆ ಬದಲಾಯಿಸಿದುದಾಗಿ ಸಾರಿದಾಗ ಸ್ವದೇಶಿ ಅಂಚೆಯ ಮಾತು ದೇಶದಲ್ಲೆಲ್ಲ ಎದ್ದಿತು. ಒಳ್ಳೆಯದು. ಆದರೆ ತಂತಿಯ ಕಂಪೆನಿಯ ದೃಷ್ಟಿಯಲ್ಲಿ ಸ್ವದೇಶಿ ಅಂಚೆಯೂ ಮೂರನೆಯವರ ಸರ್ವರೇ. ಹೊಸದುರ್ಗದ ಮನೆಯಲ್ಲಿರುವ ಮೇಲ್ ತಂತ್ರಾಂಶವು ಅದನ್ನು ಮುಟ್ಟಬೇಕಾದರೂ ಅದೇ ೫೮೭ ಇಲ್ಲವೆ ೪೬೫ರ ಬಾಗಿಲಿನಿಂದಲೇ ಹೋಗಬೇಕು. ದಾರಿ ತೆರೆದಿರದಿದ್ದರೆ ಸ್ವದೇಶಿಯ ಘೋಷಣೆ ಘೋಷಣೆಯಾಗಿಯೇ ಉಳಿಯುವುದು.

ಕಂಪೆನಿಗಳ ಕರ್ತವ್ಯವನ್ನು ಹೇಳಿದ ಬಳಿಕ ಬಳಕೆದಾರರ ಕರ್ತವ್ಯವನ್ನೂ ಹೇಳಬೇಕು. ಪತ್ರ ಹೋಗದಿದ್ದಾಗ ಮೊದಲು ಮೇಲ್ ತಂತ್ರಾಂಶದಲ್ಲಿ ಹೊರಹೋಗುವ ಸರ್ವರಿನ ಪೋರ್ಟ್ ಎಷ್ಟಿದೆಯೆಂದು ನೋಡತಕ್ಕದ್ದು. ಹಳೆಯ ೨೫ ಇದ್ದರೆ, ಗೂಢಲಿಪಿಯ ಏರ್ಪಾಟಿನೊಡನೆ ೫೮೭ ಅಥವಾ ೪೬೫ಕ್ಕೆ ಬದಲಾಯಿಸತಕ್ಕದ್ದು. ಹೊರಹೋಗುವ ಸರ್ವರಿಗೂ ಹೆಸರು, ಗುಪ್ತಪದ ಕೊಡತಕ್ಕದ್ದು. ಅವು ಮೇಲ್ ಸಂಸ್ಥೆಯವರು ಕೊಟ್ಟವಾಗಿರಬೇಕೇ ಹೊರತು ಬ್ರಾಡ್‌ಬ್ಯಾಂಡಿನವಲ್ಲ. ಜಿಮೇಲಿನ ಖಾಸಗಿ ಖಾತೆಗಳಿಗೆ ಬರಿಯ ಗುಪ್ತಪದವನ್ನು ಕೊಟ್ಟು ಹೊರಗಿನ ತಂತ್ರಾಂಶದಿಂದ ಕಳುಹಿಸುವುದು ೨೦೨೨ರ ಮೇ ೩೦ರಿಂದ ನಿಂತಿದೆ; ತಂತ್ರಾಂಶದ ಮೂಲಕವೇ ಗೂಗಲ್ ಖಾತೆಗೆ ಲಾಗಿನ್ ಆಗುವ ಏರ್ಪಾಟು, ಇಲ್ಲವೆ 'ಆ್ಯಪ್ ಪಾಸ್‌ವರ್ಡ್' ಬೇಕಾಗುತ್ತದೆ. ಇಷ್ಟಾದರೂ ಹೋಗದಿದ್ದಲ್ಲಿ ಮೊಬೈಲಿನ ಹಾಟ್‌ಸ್ಪಾಟಿಗೆ ಸೇರಿಸಿ ಪ್ರಯತ್ನಿಸಿ ನೋಡಬಹುದು. ಅಲ್ಲಿ ಹೋಗಿ ಮನೆಯ ತಂತಿಯಲ್ಲಿ ಹೋಗದಿದ್ದರೆ ದೋಷ ಯಾರ ಕಡೆಯದೆಂದು ಬಹುಮಟ್ಟಿಗೆ ತೀರ್ಮಾನವಾದಂತೆಯೇ. ಬಾಯಿಮಾತಿನಲ್ಲಿ ಜಗಳವಾಡಿ ಸುಮ್ಮನಾಗದೆ ದೂರನ್ನು ದಾಖಲಿಸಿ ಅದರ ಸಂಖ್ಯೆಯನ್ನು ಪಡೆಯತಕ್ಕದ್ದು. ಪರಿಹಾರ ದೊರೆಯದಿದ್ದರೆ, ೨೦೧೨ರ ನಿಬಂಧನೆಗಳ ಮೇರೆಗೆ ಪ್ರತಿಯೊಂದು ಸಂಸ್ಥೆಯಲ್ಲಿಯೂ ಇರಬೇಕಾದ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯತಕ್ಕದ್ದು.

ಬ್ರಾಡ್‌ಬ್ಯಾಂಡ್ ಸಂಸ್ಥೆಗಳಿಂದ ನಾವು ಕೇಳುವುದು ಹೆಚ್ಚಿನದೇನಲ್ಲ. ತಾವು ಯಾವ ಯಾವ ಪೋರ್ಟುಗಳನ್ನು ಮುಚ್ಚಿದ್ದೇವೆಂಬುದನ್ನು ಸಂಪರ್ಕ ಕೊಡುವ ದಿನವೇ ಕನ್ನಡದಲ್ಲಿ ಬರೆದು ಕೊಡಲಿ. ೫೮೭, ೪೬೫ರ ಬಾಗಿಲುಗಳನ್ನು ಸದಾ ತೆರೆದಿಡಲಿ. ದೂರಿಗೆ ಉತ್ತರ ಹೇಳುವ ತಮ್ಮ ನೌಕರರಿಗೆ ಈ ಎರಡು ಬಾಗಿಲುಗಳ ವ್ಯತ್ಯಾಸವನ್ನು ಕಲಿಸಲಿ. ಟ್ರಾಯ್ ಮಂಡಳಿಯವರು ಇದನ್ನು ಸ್ಪಷ್ಟವಾದ ನಿಬಂಧನೆಯನ್ನಾಗಿ ಮಾಡಿದರೆ ದೇಶದ ಸಣ್ಣ ಪಟ್ಟಣಗಳ ವೃತ್ತಿವಂತರಿಗೆಲ್ಲ ಉಪಕಾರವಾಗುವುದು. ತಿಂಗಳು ತಿಂಗಳೂ ತಪ್ಪದೆ ಬಾಡಿಗೆ ತೆರುವ ಪ್ರಜೆಯು ತನ್ನ ಕಾಗದವು ತಲಪಬೇಕೆಂದು ಕೇಳುವುದು ಯಾಚನೆಯಾಗದು. ಅದು ಅವನ ಹಕ್ಕು. ಸಂಬಂಧಪಟ್ಟವರು ಈ ವಿಷಯದಲ್ಲಿ ಸಾವಕಾಶ ಮಾಡದೆ ಗಮನವಿಡುವರೆಂದು ನಾವು ನಂಬಿರುತ್ತೇವೆ.