ಓದುಗರ ಬೆಂಬಲ, ಓದುಗರ ಹಂಗು

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಆಸ್ಥಾನದಲ್ಲಿ ಮನ್ನಣೆ ಪಡೆದಿದ್ದ ಪೊನ್ನನು ಶಾಂತಿಪುರಾಣವನ್ನು ರಚಿಸಿದನು. ಮುಂದೆ ಆ ಸಾಮ್ರಾಜ್ಯವೇ ಉಳಿಯಲಿಲ್ಲ. 973ರಲ್ಲಿ ಅಧಿಕಾರವು ಚಾಲುಕ್ಯ ತೈಲಪನ ಕೈಸೇರಿತು. ಆಶ್ರಯ ನೀಡಿದ ಸಿಂಹಾಸನವು ಮರೆಯಾದ ಮೇಲೂ ಕಾವ್ಯವು ಉಳಿದು ಬರಲು ಅತ್ತಿಮಬ್ಬೆಯ ಕೊಡುಗೆ ದೊಡ್ಡದು. ಆಕೆ ಅದರ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದ ಸಂಗತಿ ಸಾಹಿತ್ಯ ಚರಿತ್ರೆಯನ್ನು ಓದಿದವರಿಗೆಲ್ಲ ತಿಳಿದದ್ದೇ. ಇದನ್ನು ಕೇವಲ ಧಾರ್ಮಿಕ ಔದಾರ್ಯವೆಂದು ಹೊಗಳಿ ಸುಮ್ಮನಾಗುವುದು ವಾಡಿಕೆ. ಆದರೆ ಅದರೊಳಗೆ ಒಂದು ಲೌಕಿಕ ವಿವೇಕವೂ ಇದೆ: ರಾಜಾಶ್ರಯವೊಂದನ್ನೇ ನೆಚ್ಚಿದ ಅಕ್ಷರವು ರಾಜನೊಡನೆ ಅಳಿಯಬಹುದು, ಸಮುದಾಯದ ಕೈಗೆ ದಾಟಿದ ಅಕ್ಷರಕ್ಕೆ ಆ ಭಯ ಕಡಿಮೆ.

ಈ ವಿವೇಕವು ಇಂದು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗಿರುವುದು ಸ್ವತಂತ್ರ ರಾಜಕೀಯ ಪತ್ರಿಕೆಗೆ. ಪುರಾಣವನ್ನು ರಾಜನು ಪೋಷಿಸಬಲ್ಲ. ರಾಜನನ್ನೇ ಪ್ರಶ್ನಿಸುವ ಬರಹವನ್ನು ಪೋಷಿಸುವವರು ಯಾರು? ಸರ್ಕಾರದ ಜಾಹೀರಾತು ಪಡೆದರೆ ಸರ್ಕಾರದ ಮುಂದೆ ದನಿ ತಗ್ಗುತ್ತದೆ, ವ್ಯಾಪಾರಿಯ ಜಾಹೀರಾತು ಪಡೆದರೆ ವ್ಯಾಪಾರಿಯ ಮುಂದೆ. ಉಳಿಯುವುದು ಓದುಗನೊಬ್ಬನೇ.

ಕನ್ನಡದಲ್ಲಿ ಈ ಮಾತನ್ನು ಆಚರಣೆಗೆ ತಂದವರು ಪಿ. ಲಂಕೇಶ್. ಇಂಗ್ಲಿಷ್ ಅಧ್ಯಾಪಕರಾಗಿ, ಕವಿಯಾಗಿ, ನಾಟಕಕಾರರಾಗಿ, ಚಲನಚಿತ್ರ ನಿರ್ದೇಶಕರಾಗಿ ಹೆಸರು ಮಾಡಿದ್ದ ಅವರು 1980ರಲ್ಲಿ ‘ಲಂಕೇಶ್ ಪತ್ರಿಕೆ’ ಎಂಬ ವಾರಪತ್ರಿಕೆಯನ್ನು ಆರಂಭಿಸಿದರು. ಅದು ಜಾಹೀರಾತುಗಳನ್ನು ಸ್ವೀಕರಿಸಲಿಲ್ಲ. ಪ್ರತಿಯೊಂದರ ಬೆಲೆಯೇ ಅದರ ಬಂಡವಾಳ. ಗುಂಡೂರಾವ್ ಅವರ ಆಡಳಿತವನ್ನು ಅದು ವಾರವಾರವೂ ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿತು. 1983ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡುದಕ್ಕೆ ಕಾರಣಗಳು ಹಲವು, ಅದನ್ನು ಒಂದು ಪತ್ರಿಕೆಯ ಸಾಧನೆಯೆನ್ನುವುದು ಅತಿಶಯೋಕ್ತಿಯಾದೀತು. ಆದರೂ ಆ ಕಾಲದ ಜನಾಭಿಪ್ರಾಯವನ್ನು ರೂಪಿಸಿದ ಶಕ್ತಿಗಳಲ್ಲಿ ಅದೂ ಒಂದೆಂಬುದನ್ನು ಅಲ್ಲಗಳೆಯಲಾಗದು.

ರಾಜಕೀಯಕ್ಕಿಂತಲೂ ದೀರ್ಘಕಾಲ ಬಾಳುವ ಫಲ ಇನ್ನೊಂದಿದೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯು ಮೊದಲು ಧಾರಾವಾಹಿಯಾಗಿ ಪ್ರಕಟವಾದದ್ದು ಈ ಪತ್ರಿಕೆಯಲ್ಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರು ಹಿಂದೆ ಇದೇ ಪತ್ರಿಕೆಗೆ ವರದಿ ಮಾಡುತ್ತಿದ್ದವರು. ವಾರಕ್ಕೊಮ್ಮೆ ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಪ್ರತಿಯನ್ನು ಕೊಂಡ ಓದುಗನು, ತನಗರಿಯದಂತೆಯೇ, ಕನ್ನಡ ಸಾಹಿತ್ಯದ ಹೊಸ ದನಿಗಳಿಗೆ ದಾನಿಯಾಗಿದ್ದನು.

ಈ ಮಾರ್ಗಕ್ಕೆ ಇದಕ್ಕಿಂತ ಹಿಂದಿನ ನಿದರ್ಶನವೂ ಉಂಟು. 1903ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್ನಿನಲ್ಲಿ ಆರಂಭವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಗೆ ಗಾಂಧೀಜಿ ತಮ್ಮ ಉಳಿತಾಯದ ಹಣವನ್ನು ಸುರಿದರು. ಮುಂದೆ ಜಾಹೀರಾತುಗಳನ್ನು ಕೈಬಿಟ್ಟು, ಪತ್ರಿಕೆಯನ್ನು ಉಳಿಸುವ ಹೊಣೆಯನ್ನು ಅಲ್ಲಿನ ಭಾರತೀಯ ಸಮುದಾಯದ ಮೇಲೆಯೇ ಇರಿಸಿದರು. ಸತ್ಯಾಗ್ರಹವು ಬಿರುಸಾಗಿದ್ದ ಕಾಲದಲ್ಲಿಯೂ ಅದರ ಚಂದಾದಾರರು ಸುಮಾರು 3500. ಆದರೆ ಆ ಪತ್ರಿಕೆ ತಮ್ಮದೆಂಬ ಭಾವನೆ ಅವರಲ್ಲಿತ್ತು. ಸ್ವತಂತ್ರ ಪತ್ರಿಕೆಯ ಬಲವನ್ನು ಓದುಗರ ಸಂಖ್ಯೆಯಿಂದಷ್ಟೇ ಅಳೆಯಲಾಗದು ಎಂಬುದಕ್ಕೆ ಇದು ಸಾಕ್ಷಿ.

ಎಲ್ಲ ಸಮುದಾಯಗಳಿಗೂ ಆ ಶಕ್ತಿ ಇರುವುದಿಲ್ಲವೆಂಬುದನ್ನೂ ಮರೆಯಬಾರದು. 1920ರ ಜನವರಿ 31ರಂದು ಡಾ. ಅಂಬೇಡ್ಕರ್ ‘ಮೂಕನಾಯಕ’ವನ್ನು ಹೊರತಂದಾಗ ಕೊಲ್ಲಾಪುರದ ಶಾಹು ಮಹಾರಾಜರು ನೀಡಿದ 2500 ರೂಪಾಯಿ ಅದಕ್ಕೆ ಆಸರೆಯಾಯಿತು. ಯಾರ ಪರವಾಗಿ ಆ ಪತ್ರಿಕೆ ಮಾತನಾಡಿತೋ ಅವರಲ್ಲಿ ಬಹುಮಂದಿಗೆ ಅಕ್ಷರವೂ ಇರಲಿಲ್ಲ, ಹಣವೂ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಆದುದರಿಂದ ತನ್ನ ಪರವಾಗಿ ಬರೆಯುವ ಪತ್ರಿಕೆಯನ್ನು ಮಾತ್ರ ಪೋಷಿಸುವುದು ಸಾಲದು. ಕೊಳ್ಳಲಾರದವರ ಪತ್ರಿಕೆಯನ್ನು ಕೊಳ್ಳಬಲ್ಲವರು ಪೋಷಿಸಬೇಕಾಗುತ್ತದೆ.

ಇಷ್ಟರಿಂದ ಓದುಗರ ಬೆಂಬಲವೊಂದಿದ್ದರೆ ಪತ್ರಿಕೆಯು ಸ್ವತಂತ್ರವಾಯಿತೆಂದು ಭಾವಿಸುವುದು ಅವಸರದ ತೀರ್ಮಾನ. ಜಾಹೀರಾತುದಾರನ ಹಂಗಿನಿಂದ ಪಾರಾದ ಸಂಪಾದಕನು ಓದುಗನ ಹಂಗಿಗೆ ಬೀಳಬಹುದು. ತಮಗೆ ಪ್ರಿಯವಾದುದನ್ನೇ ಬರೆಯಬೇಕೆಂದು, ತಮ್ಮ ವಿರೋಧಿಗಳನ್ನು ಮಾತ್ರ ಹಳಿಯಬೇಕೆಂದು ಓದುಗರು ಬಯಸತೊಡಗಿದರೆ, ಸಾವಿರಾರು ಚಿಕ್ಕ ಯಜಮಾನರು ಸೇರಿ ಒಬ್ಬ ದೊಡ್ಡ ಯಜಮಾನನಾಗುತ್ತಾರೆ. ಲಂಕೇಶರ ಪತ್ರಿಕೆಯು ರಾಜಕಾರಣಿಗಳಿಗೆ ಇಟ್ಟ ಅಡ್ಡಹೆಸರುಗಳಲ್ಲಿ ವ್ಯಂಗ್ಯದ ಜೊತೆಗೆ ವಿಚಾರವೂ ಇತ್ತು. ಆ ದಾರಿಯನ್ನು ಅನುಕರಿಸಿದ ಹಲವು ವಾರಪತ್ರಿಕೆಗಳಲ್ಲಿ ವಿಚಾರವು ಸೋರಿಹೋಗಿ ಬೈಗುಳವಷ್ಟೇ ಉಳಿಯಿತು. ಅವನ್ನೂ ಓದುಗರೇ ಹಣ ಕೊಟ್ಟು ಸಾಕಿದರೆಂಬುದು ಕಹಿಯಾದರೂ ನಿಜ.

ಜೈನ ಆಚಾರ್ಯರು ದಾನವನ್ನು ಕುರಿತು ಹೇಳಿರುವ ಒಂದು ಸೂಕ್ಷ್ಮವು ಇಲ್ಲಿ ಸಂಗತವಾಗಿದೆ. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರವು ದಾನದ ಹಿರಿಮೆಯನ್ನು ದ್ರವ್ಯವೊಂದರಿಂದಲೇ ಅಳೆಯುವುದಿಲ್ಲ. ಕೊಡುವ ವಿಧಿ, ಕೊಡುವವನ ಮನಸ್ಸು, ಪಡೆಯುವವನ ಯೋಗ್ಯತೆ ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಫಲವನ್ನು ಬಯಸಿ ಮಾಡುವ ಸತ್ಕಾರ್ಯಕ್ಕೆ ‘ನಿದಾನ’ವೆಂದು ಹೆಸರು. ಅದು ವ್ರತಿಯ ಒಳಗೆ ನೆಟ್ಟ ಮುಳ್ಳು. ‘ನನ್ನ ಅಭಿಪ್ರಾಯವನ್ನೇ ಅಚ್ಚುಮಾಡು’ ಎಂಬ ನಿರೀಕ್ಷೆಯಿಂದ ತೆತ್ತ ಚಂದಾಹಣದಲ್ಲಿಯೂ ಇದೇ ಮುಳ್ಳಿದೆ. ತನಗೆ ಒಪ್ಪದ ಬರಹವನ್ನು ಓದಿ, ಸಿಟ್ಟಿನಿಂದಲೇ ಒಂದು ಪತ್ರ ಬರೆದು, ಮುಂದಿನ ವರ್ಷದ ಚಂದಾವನ್ನೂ ಕಳುಹಿಸುವವನೇ ನಿಜವಾದ ಪೋಷಕ. ಅನೇಕಾಂತವನ್ನು ತತ್ತ್ವವಾಗಿ ಕೊಂಡಾಡುವವರು ಅದನ್ನು ಆಚರಿಸಿ ತೋರಿಸಲು ಇದಕ್ಕಿಂತ ಹತ್ತಿರದ ಅವಕಾಶ ಮತ್ತೊಂದಿಲ್ಲ.

ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನದೊಡನೆ ಅಭಯದಾನವೂ ಇದೆ. ಲಂಕೇಶರು 2000ದ ಜನವರಿಯಲ್ಲಿ ತೀರಿಕೊಂಡ ಬಳಿಕ ಮಗಳು ಗೌರಿ ಲಂಕೇಶ್ ಸಂಪಾದಕತ್ವ ವಹಿಸಿದರು. 2005ರಲ್ಲಿ ‘ಗೌರಿ ಲಂಕೇಶ್ ಪತ್ರಿಕೆ’ಯನ್ನು ಬೇರೆಯಾಗಿ ಆರಂಭಿಸಿ, ಜಾಹೀರಾತಿಲ್ಲದ ವ್ರತವನ್ನು ಮುಂದುವರಿಸಿದರು. 2016ರ ನವೆಂಬರಿನಲ್ಲಿ ಮಾನನಷ್ಟ ಮೊಕದ್ದಮೆಯೊಂದರಲ್ಲಿ ಹುಬ್ಬಳ್ಳಿಯ ನ್ಯಾಯಾಲಯವು ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿತು, ಜಾಮೀನು ದೊರೆಯಿತು. ಸಣ್ಣ ಪತ್ರಿಕೆಗೆ ವಕೀಲರ ದಂಡಿಲ್ಲ. ಆದುದರಿಂದ ವರದಿಯ ಖಚಿತತೆಯಲ್ಲಿ ಅದು ದೊಡ್ಡ ಪತ್ರಿಕೆಗಿಂತ ಹೆಚ್ಚು ಎಚ್ಚರ ವಹಿಸಬೇಕೆಂಬ ಪಾಠವೂ ಇಲ್ಲಿದೆ. ಆದರೆ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಮುಂದೆ ಅವರು ಗುಂಡಿಗೆ ಬಲಿಯಾದುದಕ್ಕೆ ಯಾವ ಪಾಠವೂ ಸಮಾಧಾನವಲ್ಲ. ಅವರ ನಿಲುವುಗಳನ್ನು ಒಪ್ಪದವರು ಅನೇಕರಿದ್ದರು, ಇಂದಿಗೂ ಇದ್ದಾರೆ. ಬರಹಕ್ಕೆ ಬರಹದಿಂದ ಉತ್ತರ ಕೊಡುವುದು ಧರ್ಮ. ಲೇಖನಿ ಹಿಡಿದ ಜೀವವನ್ನು ತೆಗೆಯುವುದು ಹಿಂಸೆ. ಅಹಿಂಸೆಯನ್ನು ಪರಮಧರ್ಮವೆಂದವರಿಗೆ ಇದರಲ್ಲಿ ಪಕ್ಷಾಂತರವಿರಲು ಸಾಧ್ಯವಿಲ್ಲ.

ಸಂಪಾದಕಿಯೊಡನೆ ಆ ಹೆಸರಿನ ಪತ್ರಿಕೆಯೂ ನಿಂತಿತು. ಒಡನಾಡಿಗಳು ‘ನ್ಯಾಯಪಥ’ವೆಂಬ ಹೊಸ ಹೆಸರಿನಲ್ಲಿ ಕೆಲಸವನ್ನು ಮುಂದುವರಿಸಿದರು. ವ್ಯಕ್ತಿಯ ಹೆಸರಿನ ಮೇಲೆ ನಿಂತ ಪತ್ರಿಕೆಯು ಆ ವ್ಯಕ್ತಿಯ ಆಯುಸ್ಸಿಗೆ ಕಟ್ಟುಬೀಳುತ್ತದೆ. ಅದನ್ನು ದಾಟಿಸಬಲ್ಲದ್ದು ಓದುಗರ ಬಳಗ ಮಾತ್ರ. ಆದರೆ ಕಾಪಾಡುವ ಬಳಗಕ್ಕೂ ಒಂದು ಎಚ್ಚರ ಬೇಕು. ಧವಲಾ ಗ್ರಂಥದ ಓಲೆಗಳನ್ನು ಮೂಡುಬಿದಿರೆಯ ಸಮುದಾಯವು ಶತಮಾನಗಳ ಕಾಲ ಭಕ್ತಿಯಿಂದ ರಕ್ಷಿಸಿತು. ಅವರಿಲ್ಲದಿದ್ದರೆ ಆ ಮಹಾಗ್ರಂಥವೇ ಇರುತ್ತಿರಲಿಲ್ಲ. ಆದರೆ ಅದೇ ಭಕ್ತಿಯಿಂದಾಗಿ ಅದು ದರ್ಶನದ ವಸ್ತುವಾಯಿತೇ ಹೊರತು ಅಧ್ಯಯನದ ವಸ್ತುವಾಗಲಿಲ್ಲ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ಉಳಿಸುವುದು ಅರ್ಧ ಕೆಲಸ, ತೆರೆದಿಡುವುದು ಉಳಿದರ್ಧ. ಪತ್ರಿಕೆಯನ್ನು ಪ್ರೀತಿಸುವ ಬಳಗವು ಅದನ್ನು ತನ್ನ ಗುಂಪಿನ ಪೂಜಾವಸ್ತುವಾಗಿಸಿಕೊಂಡರೆ ಅದೂ ಒಂದು ಬಗೆಯ ಬೀಗಮುದ್ರೆಯೇ.

ಅತ್ತಿಮಬ್ಬೆ ಸಾವಿರ ಪ್ರತಿಗಳನ್ನು ಬರೆಯಿಸಿದ್ದು ತನ್ನ ಮನೆಯ ಪೆಟ್ಟಿಗೆಯಲ್ಲಿಡಲು ಅಲ್ಲ. ಅವು ಊರೂರಿಗೆ ಹೋಗಿ, ಆಕೆ ಕಾಣದ ಓದುಗರ ಕೈಸೇರಲೆಂದು. ಸ್ವತಂತ್ರ ಪತ್ರಿಕೆಗೆ ಚಂದಾ ತೆರುವವನೂ ತನಗೊಂದು ಪ್ರತಿಯನ್ನಷ್ಟೇ ಕೊಳ್ಳುತ್ತಿಲ್ಲ. ತಾನು ಕಾಣದವನೊಬ್ಬನು ನಾಳೆ ಸತ್ಯವನ್ನು ಓದುವ ಅವಕಾಶವನ್ನು ಕಾದಿರಿಸುತ್ತಿದ್ದಾನೆ.