ಫೋನಿನಲ್ಲಿ ಮನೆಗೆ ಬಂದ ಕನ್ನಡ
ಈ ವಾರ ತೆಲಂಗಾಣದ ಗಡಿಯೂರು ಮಕ್ತಲದ ನೆಂಟರ ಮನೆಯಲ್ಲಿ ಟಿ.ವಿ. ಆರಿತ್ತು, ಅಜ್ಜಿ, ಮೊಮ್ಮಗ ಇಬ್ಬರೂ ಫೋನಿನಲ್ಲಿ ‘ಡಾ. ಬ್ರೋ’ ಎಂಬ ಕನ್ನಡ ಯೂಟ್ಯೂಬರ್ ಗಗನ್‌ನ ಪ್ರವಾಸದ ವಿಡಿಯೊ ನೋಡುತ್ತಿದ್ದರು. ನೆರೆಯ ಗದ್ವಾಲ 1956ರಲ್ಲಿ ರಾಯಚೂರು ಜಿಲ್ಲೆ ಬಿಟ್ಟು ಆಗಿನ ಆಂಧ್ರಪ್ರದೇಶ ಸೇರಿದ ಮೇಲೆ ಈ ಸೀಮೆಯ ಕಚೇರಿ, ಟಾಕೀಸುಗಳಲ್ಲಿ ತೆಲುಗೇ ಮುಂದಾಯಿತು. ಕನ್ನಡ ಸಿನಿಮಾ ಬೇಕೆಂದರೆ ರಾಯಚೂರಿನ ಬಸ್ಸು ಹತ್ತಬೇಕು. ಆದರೆ ಇಂಥ ವಿಡಿಯೊ ದಿನಚರಿಗೆ ವಿತರಕನೂ ಬೇಡ, ಲಿಪಿಯೂ ಬೇಡ: ತೆಲುಗು ಶಾಲೆಯ ಆ ಹುಡುಗ ಕನ್ನಡ ಬೋರ್ಡು ಓದಲಾರ, ಆದರೆ ಆಫ್ಘಾನಿಸ್ತಾನ ಸುತ್ತುತ್ತ ಗಗನ್ ಆಡುವ ಒಂದೊಂದು ಮಾತೂ ಅವನಿಗೆ ತಿಳಿಯುತ್ತದೆ. ಸಿನಿಮಾ ನಾಯಕನನ್ನು ದೂರದಿಂದ ನೋಡುತ್ತಿದ್ದ ಅಜ್ಜಿ ಇವನಿಗೆ ಮಾತ್ರ ‘ಹುಷಾರಪ್ಪಾ’ ಅನ್ನುತ್ತಾಳೆ. ಇಷ್ಟಕ್ಕೇ ನಿಲ್ಲಬಾರದು. ತೆಲಂಗಾಣದ ಲಂಬಾಡಿಪಲ್ಲಿ ಹಳ್ಳಿಯ ಯೂಟ್ಯೂಬ್ ವಾಹಿನಿ ‘ಮೈ ವಿಲೇಜ್ ಶೋ’ ತನ್ನ ಅಜ್ಜಿ ನಟಿ ಗಂಗವ್ವನ ಹಳ್ಳಿ ತೆಲುಗನ್ನು 2020ರಲ್ಲಿ ತೆಲುಗು ಬಿಗ್ ಬಾಸ್‌ವರೆಗೆ ಒಯ್ದಿತು. ಹಾಗೆಯೇ ನಮ್ಮ ಸೀಮೆಯ ನಾರಾಯಣಪೇಟೆಯ ಮಗ್ಗದ ಮುಂದೆ ಕೂತು, ಇಲ್ಲಿನ ತೆಲುಗು ಬೆರೆತ ಕನ್ನಡದಲ್ಲೇ ಯಾರಾದರೂ ದಿನಚರಿ ತೆಗೆಯಲಿ, ನಾನು ತಪ್ಪದೆ ನೋಡುತ್ತೇನೆ.