ಪ್ರಶಸ್ತಿ ಬೇಡ ಅಂದವರನ್ನು ಗೌರವಿಸೋದು ಹೇಗೆ?



ಅಕ್ಟೋಬರ್ 7 ಎಸ್.ಆರ್. ಶಂಕರನ್ ತೀರಿಕೊಂಡ ದಿನ. 2010ರಲ್ಲಿ, ಹೈದರಾಬಾದಿನಲ್ಲಿ. ನಮ್ಮ ಕಡೆ ಈ ಹೆಸರು ಕೇಳಿದವರು ಕಡಿಮೆ, ಅದಕ್ಕೇ ಬರೀತಿದ್ದೀನಿ. ಇವರು ನಮ್ಮ ಕೇರಿಯಲ್ಲಿ ಹುಟ್ಟಿದವರಲ್ಲ. ತಂಜಾವೂರಿನ ಕಡೆಯವರು, ಆಂಧ್ರ ಕೇಡರಿನ ಐಎಎಸ್ ಅಧಿಕಾರಿ. 2005ರಲ್ಲಿ ಸರ್ಕಾರ ಪದ್ಮಭೂಷಣ ಕೊಡ್ತೀವಿ ಅಂದಾಗ ಬೇಡ ಅಂದವರು.

"ಮೇಲ್ಜಾತಿ ಅಧಿಕಾರಿಯನ್ನ ಯಾಕಪ್ಪಾ ಹೊಗಳ್ತೀಯ, ನಮಗೆ ಉದ್ಧಾರಕರು ಬೇಕಾ?" ಅಂತ ಕೆಲವು ಗೆಳೆಯರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಉದ್ಧಾರಕರು ನಮಗೆ ಬೇಡವೇ ಬೇಡ. ಬಾಬಾಸಾಹೇಬರು ಕೊಟ್ಟಿದ್ದು ಹಕ್ಕು, ಭಿಕ್ಷೆಯಲ್ಲ. ಶಂಕರನ್ ಮುಖ್ಯ ಆಗೋದೂ ಇಲ್ಲಿಯೇ. ಅವರು ನಮಗೆ ದಯೆ ತೋರಿಸಲಿಲ್ಲ, ಕಾನೂನಿನಲ್ಲಿ ಬರೆದಿದ್ದನ್ನ ಬರೆದ ಹಾಗೇ ಜಾರಿ ಮಾಡಿದರು.

ಕಚೇರಿಯಲ್ಲಿ ಗುಮಾಸ್ತನಾಗಿ ಕಡತ ಹಿಡಿದು ಬದುಕೋ ನನಗೆ ಇದರ ಬೆಲೆ ಗೊತ್ತು. ಕಾನೂನು ಸಾಯೋದು ವಿಧಾನಸಭೆಯಲ್ಲಲ್ಲ, ಮೇಜಿನ ಮೇಲೆ. ಅರ್ಜಿ ಬಂತಾ, "ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ" ಅಂತ ಷರಾ ಬರೆದು ಕೆಳಗೆ ತಳ್ಳಿದರೆ ಆಯ್ತು. ಯಾರೂ ಆಗಲ್ಲ ಅನ್ನಲ್ಲ, ಯಾರೂ ಮಾಡೋದೂ ಇಲ್ಲ. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಎಷ್ಟೋ ಕಡೆ "ನಮ್ಮಲ್ಲಿ ಜೀತದಾಳು ಯಾರೂ ಇಲ್ಲ" ಅಂತ ವರದಿ ಕಳಿಸಿ ಕೈತೊಳಕೊಂಡರು. ಶಂಕರನ್ ಹಳ್ಳಿಗಳಿಗೇ ಹೋದರು. ಜೀತದಾಳುಗಳ ಜೊತೆ ಕೂತು, ನಿಮ್ಮ ಸಾಲ ರದ್ದಾಗಿದೆ, ನೀವು ಸ್ವತಂತ್ರರು ಅಂತ ಹೇಳಿದರು. ಭೂಮಾಲೀಕರಿಗೂ ಅಧಿಕಾರದಲ್ಲಿದ್ದವರಿಗೂ ಸಿಟ್ಟು ಬಂತು. ಇವರು ಜಗ್ಗಲಿಲ್ಲ. ಮುಂದೆ ನೃಪೇನ್ ಚಕ್ರವರ್ತಿ ಮುಖ್ಯಮಂತ್ರಿಯಾಗಿದ್ದಾಗ ತ್ರಿಪುರಾದ ಮುಖ್ಯ ಕಾರ್ಯದರ್ಶಿಯಾದರು. 1992ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಕಾರ್ಯದರ್ಶಿಯಾಗಿ ನಿವೃತ್ತರಾದರು. ಮದುವೆಯಾಗಲಿಲ್ಲ, ಆಸ್ತಿ ಮಾಡಲಿಲ್ಲ. ಸಂಬಳ, ಆಮೇಲೆ ಪಿಂಚಣಿ, ಬಡ ಮಕ್ಕಳ ಓದಿಗೆ ಹೋಗ್ತಿತ್ತು.

ನಿವೃತ್ತಿ ಅಂದ್ರೆ ನಮ್ಮಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ. ಅವರಿಗೆ ಅದು ಇನ್ನೊಂದು ಕೆಲಸದ ಶುರು. ನಮ್ಮ ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಮಲ ಹೊರುವ ಪದ್ಧತಿ ವಿರುದ್ಧ ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದಾಗ ಜೊತೆಗೆ ನಿಂತವರು ಶಂಕರನ್. ಮುಂದೆ ನಿಲ್ಲಲಿಲ್ಲ, ಜೊತೆಗೆ ನಿಂತರು. ಈ ವ್ಯತ್ಯಾಸ ನಮ್ಮ ಚಳವಳಿಗಳ "ಹಿತೈಷಿಗಳು" ಕಲೀಬೇಕು. ಅದೇ ಆಂದೋಲನ ಹಾಕಿದ ಅರ್ಜಿಯಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟು, 1993ರಿಂದ ಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ಪರಿಹಾರ ಕೊಡಿ ಅಂತು. 2023ರಲ್ಲಿ ಆ ಮೊತ್ತ 30 ಲಕ್ಷಕ್ಕೆ ಏರಿತು. ಆ ತೀರ್ಪು ನೋಡೋಕೆ ಶಂಕರನ್ ಇರಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. ನಮ್ಮ ಹುಡುಗ ಕೆಎಎಸ್ ಪಾಸಾದರೆ ಊರ ತುಂಬ ಫ್ಲೆಕ್ಸ್ ಹಾಕ್ತೀವಿ. ಹಾಕೋಣ, ತಪ್ಪಿಲ್ಲ, ಆ ಕುರ್ಚಿಗೆ ನಮ್ಮವರು ಬಂದಿದ್ದೇ ದೊಡ್ಡ ಮಾತು. ಆದರೆ ಐದು ವರ್ಷ ಆದಮೇಲೆ ಅವರನ್ನ ಒಂದು ಪ್ರಶ್ನೆ ಕೇಳ್ತೀವಾ? ನಿಮ್ಮ ಉಪವಿಭಾಗದಲ್ಲಿ ಎಷ್ಟು ಜೀತದಾಳುಗಳಿಗೆ ಬಿಡುಗಡೆ ಪತ್ರ ಕೊಟ್ಟಿರಿ? ಜಾಗೃತಿ ಸಮಿತಿ ಸಭೆ ಕೊನೇ ಸಲ ಯಾವಾಗ ಆಯ್ತು? ಮ್ಯಾನ್‌ಹೋಲಿಗೆ ಇಳಿದು ಸತ್ತವನ ಹೆಂಡತಿಗೆ ಪರಿಹಾರ ಪೂರ್ತಿ ಸಿಕ್ಕಿತಾ?

ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7ಡಿ ಕಲಂ ತೆಗೀರಿ ಅಂತ ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದೆವು, 2023ರಲ್ಲಿ ತೆಗೆದರು. ಖುಷಿಪಟ್ಟೆವು. ಅದೇ ಹಣ "ಫಲಾನುಭವಿಗಳಲ್ಲಿ ಪರಿಶಿಷ್ಟರೂ ಇದ್ದಾರೆ" ಅನ್ನೋ ಲೆಕ್ಕದಲ್ಲಿ ಗ್ಯಾರಂಟಿ ಯೋಜನೆಗಳಿಗೆ ಹೋಯ್ತು. ಆ ಲೆಕ್ಕ ಬರೆದ ಕಡತ ಎಷ್ಟು ಮೇಜು ದಾಟಿರಬೇಕು ಯೋಚಿಸಿ. ಒಂದು ಮೇಜಿನಲ್ಲಾದರೂ "ಇದು ಕಾಯ್ದೆಯ ಉದ್ದೇಶಕ್ಕೆ ವಿರುದ್ಧ" ಅಂತ ಒಂದು ಸಾಲು ಟಿಪ್ಪಣಿ ಬಿದ್ದಿದ್ದರೆ ಅದು ದಾಖಲೆಯಾಗಿ ಉಳೀತಿತ್ತು.

ಶಂಕರನ್ ಅವರ ಫೋಟೋಗೆ ಹಾರ ಹಾಕಿ ಅಂತ ನಾನು ಹೇಳ್ತಿಲ್ಲ, ಅವರಿಗೂ ಅದು ಹಿಡಿಸ್ತಿರಲಿಲ್ಲ. ಸರ್ಕಾರಿ ಕೆಲಸದಲ್ಲಿರೋ ನಮ್ಮ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಈ ತಿಂಗಳು ನಿಮ್ಮ ಮೇಜಿನಲ್ಲಿ ಕೂತಿರೋ ಒಂದು ಬಡವರ ಕಡತವನ್ನ ಎತ್ತಿ, ಮುಗಿಯೋವರೆಗೂ ಬೆನ್ನು ಹತ್ತಿ. ಹೊರಗಿರೋರು ಮೇಲಿನ ಮೂರು ಪ್ರಶ್ನೆಗಳನ್ನ ಮಾಹಿತಿ ಹಕ್ಕಿನಲ್ಲಿ ನಿಮ್ಮ ತಾಲ್ಲೂಕಿನಲ್ಲಿ ಕೇಳಿ. ಉತ್ತರ ಬಂದರೆ ಇಲ್ಲಿ ಹಾಕಿ, ಬರದಿದ್ದರೂ ಹಾಕಿ.

ಜೈಭೀಮ್.